ಬುರ್ಗಿಯ ಹಲಗೆ

ಮೂಸ್‌ಲೇಹನ್, ಸಾಲ್ಜ್‌ಬರ್ಗ್ ಬೆಟ್ಟಸೀಮೆ
3 ಅಕ್ಟೋಬರ್ 1926

ಪ್ರಿಯ ಎರ್ವಿನ್,

ಹಲಗೆ ಹೋಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ನನ್ನ ಪ್ರತಾಪ ಆಮೇಲೆ.

ನೀನು ಸೆಪ್ಟೆಂಬರಿನಲ್ಲಿ ಒಂದು ಮಾತೂ ಹೇಳದೆ ಬೆಳಿಗ್ಗೆ ಬೆಳಿಗ್ಗೆಯೇ ಗಾಡಿ ಹತ್ತಿ ಹೋದೆಯಲ್ಲ, ಅದೇ ದಿನ ನಾನು ಹಸುಗಳಿದ್ದ ಮೇಲಿನ ಹುಲ್ಲುಗಾವಲಿಗೆ ಹೊರಟೆ. ಮೂರು ವಾರ ಅಲ್ಲೇ. ಇಳಿದು ಬರುವಾಗ ಗಿರಣಿಯ ತಿರುವಿನಲ್ಲಿ ನೋಡುತ್ತೇನೆ, ಎಲ್ಲರ ಹಲಗೆಗಳೂ ಸಾಲಾಗಿ ನಿಂತಿವೆ, ನನ್ನ ಬುರ್ಗಿಯದು ಮಾತ್ರ ಇಲ್ಲ. ನೆಟ್ಟ ಜಾಗದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ನೀರು. ನಡುವೆ ಒಂದು ದಿನ ಹಳ್ಳ ಉಕ್ಕಿ ದಾರಿಯ ಮೇಲೆಯೇ ಹರಿದಿತ್ತಂತೆ.

ಬಡಗಿ ರೂಪರ್ಟ್ ನನ್ನ ಜೊತೆಗಿದ್ದ. ಟೊಪ್ಪಿ ತೆಗೆದ.

"ಮಾಮ, ಬುರ್ಗಿ ಅತ್ತೆ ಬಿಡುಗಡೆ ಆದ್ಳು. ಎರಡೂವರೆ ವರ್ಷಕ್ಕೇ. ನಮ್ಮಪ್ಪನ್ದು ನೋಡಿ, ಹದಿನಾರು ವರ್ಷ ಆಯ್ತು, ಕಲ್ಲು ನಿಂತಂಗೆ ನಿಂತಿದೆ."

"ಬಡಗಿ ಮನೆಯೋನಾಗಿ ನಿಮ್ಮಪ್ಪನಿಗೆ ಅಂಥ ಗಟ್ಟಿ ಮರ ಯಾಕಪ್ಪ ಹಾಕ್ದೆ?"

"ಅಮ್ಮ ಹೇಳಿದ್ಳು. ಅವ್ನು ಸ್ವಲ್ಪ ಕಾಯ್ಲಿ ಅಂತ."

ನೀನು ಪಟ್ಟಣದವನು, ನಿನಗೆ ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಆ ಹಲಗೆಯ ಮುಂದೆ ನಿಂತು ನನ್ನ ನಾಲ್ಕು ಸಾಲನ್ನು ನೀನು ಬರೆದುಕೊಳ್ಳುತ್ತಿದ್ದಾಗಲೇ ಹೇಳಬೇಕಿತ್ತು. ಆದರೆ ನೀನು ನನ್ನನ್ನು ಹೊಗಳುತ್ತಿದ್ದೆ, ಹೊಗಳಿಕೆಯ ಮಧ್ಯೆ ನಾನು ಬಾಯಿ ಹಾಕುವುದಿಲ್ಲ. ಸತ್ತವರನ್ನು ಹೂಳುವ ತನಕ ಮಲಗಿಸುವ ಹಲಗೆ ಅದು. ಆಮೇಲೆ ಅದಕ್ಕೆ ಹೆಸರು ಬರೆದು ದಾರಿಬದಿಗೆ ನಿಲ್ಲಿಸುತ್ತೇವೆ. ಅದು ಕೊಳೆತು ತಾನಾಗಿ ಬೀಳುವ ತನಕ ಸತ್ತವರು ಸ್ವರ್ಗದ ಬಾಗಿಲ ಹೊರಗೆ ಕಾಯಬೇಕು. ಕಬ್ಬಿಣ ತಾಗಿಸುವ ಹಾಗಿಲ್ಲ, ಬೆಂಕಿಗೆ ಹಾಕುವ ಹಾಗಿಲ್ಲ. ಎಣ್ಣೆ ಬಣ್ಣ ಬಳಿದು ಕಾಪಾಡುವುದಂತೂ ಶತ್ರುವಿಗೂ ಮಾಡುವ ಕೆಲಸವಲ್ಲ. ಅದಕ್ಕೇ ನಾನು ಬುರ್ಗಿಗೆ ಊರಲ್ಲೇ ಮೆತ್ತನೆಯ ಮರ ಆರಿಸಿದ್ದು. ಪಾದ್ರಿಗೆ ಈ ಮಾತು ಸೇರುವುದಿಲ್ಲ. ಆದರೂ ತಮ್ಮ ತಾಯಿಯ ಹಲಗೆಗೆ ಪಾಚಿ ಹಿಡಿಯಿತೋ ಎಂದು ಅವರು ಕದ್ದು ನೋಡುವುದನ್ನು ಕಂಡಿದ್ದೇನೆ.

ಆ ಸಂಜೆ ಇಡೀ ಊರಿಗೆ ಬಿಯರ್ ಕುಡಿಸಿದೆ. ಹೆಂಡತಿಯನ್ನು ಇಷ್ಟು ಬೇಗ ಸ್ವರ್ಗಕ್ಕೆ ದಾಟಿಸಿದ ಗಂಡ ಈ ಕಣಿವೆಯಲ್ಲಿ ನಾನೊಬ್ಬನೇ.

ಇನ್ನು ಪ್ರತಾಪ. ಮೂರು ವಾರದಲ್ಲಿ ಒಂದು ವಾಕ್ಯ ಬರೆದೆ. ಕೊಟ್ಟಿಗೆಯಲ್ಲಿ ಶುರುವಾಗುತ್ತದೆ, ಚರ್ಚಿನ ಗಂಟೆ ಹೊಡೆದರೂ ನಿಲ್ಲುವುದಿಲ್ಲ, ಹದಿನಾಲ್ಕು ಪುಟ. ಮೂರನೇ ತರಗತಿಯನ್ನು ಎರಡು ಸಲ ಓದಿದವನು ನಾನು. ಒಂದೇ ಸಲ ಓದಿ ಮುಂದೆ ಹೋದವರಿಗೆ ಇದು ಒಲಿಯುವುದಿಲ್ಲ. ನಿನ್ನದೇನು? ಕಳೆದ ಪುಸ್ತಕದಲ್ಲಿ ಪುಟಕ್ಕೆ ನಾಲ್ಕು ಪದ ಹಾಕಿದ್ದೆ. ಉಳಿದ ಜಾಗದಲ್ಲಿ ನಾನು ಹಸು ಗಬ್ಬವಾದ ದಿನ ಬರೆದಿಟ್ಟಿದ್ದೇನೆ, ಪುಸ್ತಕ ಉಪಯೋಗಕ್ಕೆ ಬಂತು.

ಇಬ್ಬರೂ ತೋಳು ಹೆಣೆದು ಕುಡಿದು "ಇನ್ನು ಮೇಲೆ ನೀನು ಎಂದೇ ಕರೆಯುವುದು" ಎಂದು ಆಣೆ ಮಾಡಿದ್ದೇವೆ. ಮರೆತು "ನೀವು" ಅಂತ ಬರೆದರೆ ಪತ್ರ ಒಡೆಯದೆ ವಾಪಸ್ ಕಳಿಸುತ್ತೇನೆ.

ನಿನ್ನ
ಕೊರ್ಬಿನಿಯನ್ ಥಾನರ್


ವಿಯೆನ್ನಾ
9 ಅಕ್ಟೋಬರ್ 1926
(ಅಂಚೆಗೆ ಹಾಕಲಿಲ್ಲ)

ಥಾನರ್,

ಹಲಗೆ ನನ್ನ ಮನೆಯಲ್ಲಿದೆ.

ಅದನ್ನು ನಾನೇ ಕಿತ್ತೆ. ಹೊರಟ ದಿನ ಬೆಳಿಗ್ಗೆ, ಮಂಜಿನಲ್ಲಿ, ಕೈಯಿಂದಲೇ. ಬುಡ ಎಷ್ಟು ಮೆತ್ತಗಾಗಿತ್ತೆಂದರೆ ಸಡಿಲ ಹಲ್ಲು ಕಿತ್ತ ಹಾಗೆ ಬಂತು. ಕಂಬಳಿ ಸುತ್ತಿ ಗಾಡಿಯಲ್ಲಿಟ್ಟೆ. ನಿನ್ನ ಹೆಂಡತಿಯ ನೆನಪು ದಾರಿಬದಿಯಲ್ಲಿ ಕೊಳೆಯುತ್ತಿದೆ, ದುರಸ್ತಿ ಮಾಡಿಸಲು ನಿನ್ನಿಂದ ಆಗಿಲ್ಲ, ಹೇಳಿಕೊಳ್ಳಲು ನಾಚಿಕೆ ಎಂದುಕೊಂಡೆ. ಕ್ರಿಸ್ಮಸ್ಸಿಗೆ ಹೊಸದರಂತೆ ಮಾಡಿಸಿ ಕಳಿಸಿ ನಿನ್ನನ್ನು ಬೆರಗುಗೊಳಿಸಬೇಕೆಂದಿದ್ದೆ. ಹಳೆಯ ಚಿತ್ರಗಳನ್ನು ಸರಿಮಾಡುವವನೊಬ್ಬ ನಾಲ್ಕು ಸಲ ಎಣ್ಣೆ ಉಣಿಸಿದ್ದಾನೆ. ಇನ್ನು ನೂರು ವರ್ಷ ಏನೂ ಆಗುವುದಿಲ್ಲ ಎಂದು ಬೆನ್ನು ತಟ್ಟಿಕೊಂಡ.

ಅಕ್ಷರಗಳು ಹೊಳೆಯುತ್ತಿವೆ.

ಈ ಹಲಗೆಯ ಮೇಲೆ ಬುರ್ಗಿ ಎರಡು ದಿನ ಸುಮ್ಮನೆ ಮಲಗಿದ್ದಳು.
ಅದಕ್ಕೆ ಮುಂಚೆ ಮಲಗಿದವಳಲ್ಲ, ಸುಮ್ಮನಿದ್ದವಳಂತೂ ಅಲ್ಲ.
ದಾರಿಹೋಕನೇ, ಒಂದು ಪ್ರಾರ್ಥನೆ ಹೇಳಿ ಮುಂದೆ ಹೋಗು,
ಹೆಚ್ಚು ಹೊತ್ತು ನಿಂತರೆ ನಿನಗೂ ಕೆಲಸ ಹೇಳಿಯಾಳು.

ಇಂಥ ನಾಲ್ಕು ಸಾಲು ಕೊಳೆಯಬಾರದು ಎಂದೇ ನನಗೆ ಅನ್ನಿಸಿದ್ದು. ಆ ಹೆಂಗಸಿನ ಯೋಚನೆ ನನಗೆ ಬರಲೇ ಇಲ್ಲ. ನಿಜ ಹೇಳಬೇಕೆಂದರೆ ಇಷ್ಟೇ.


ವಿಯೆನ್ನಾ
11 ಅಕ್ಟೋಬರ್ 1926

ಪ್ರಿಯ ಕೊರ್ಬಿನಿಯನ್,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಬುರ್ಗಿಯವರು ಬಿಡುಗಡೆ ಹೊಂದಿದ್ದು ನಿನ್ನ ಮನಸ್ಸಿಗೂ ಬಿಡುಗಡೆ. ಹದಿನಾಲ್ಕು ಪುಟದ ವಾಕ್ಯವನ್ನು ಕಳಿಸು, ನನ್ನ ಪತ್ರಿಕೆಯಲ್ಲಿ ಜಾಗ ಇಟ್ಟಿದ್ದೇನೆ. ನಾನು ಬರೆಯುವುದು ಏನೂ ಸಾಗುತ್ತಿಲ್ಲ. ನಿನಗೆ ಗೊತ್ತಿರುವುದೇ.

ನಿನ್ನ
ಎರ್ವಿನ್ ಸ್ಲಾಮಾ


ಮೂಸ್‌ಲೇಹನ್
20 ಜನವರಿ 1927

ಪ್ರಿಯ ಎರ್ವಿನ್,

ನಾನು ಸುಖವಾಗಿದ್ದೇನೆ. ಹಬ್ಬಕ್ಕೆ ಹಂದಿ ಕೊಯ್ದೆ, ಹಿಮದಲ್ಲಿ ಜಾರಿ ಬಿದ್ದ ಪಾದ್ರಿಯನ್ನು ಬೆನ್ನ ಮೇಲೆ ಹೊತ್ತು ತಂದೆ. ಐವತ್ತೆಂಟು ವರ್ಷದವನು ತೊಂಬತ್ತು ಕಿಲೋ ಪಾದ್ರಿಯನ್ನು ಹೊರುವುದು ನಿನ್ನ ವಿಯೆನ್ನಾದಲ್ಲಿ ನಡೆಯುವ ಮಾತೇ? ದಾರಿಯುದ್ದಕ್ಕೂ "ಬಲಗಡೆ ಹೋಗು, ಎಡಗಡೆ ಹೋಗು" ಎಂದು ನನ್ನ ಕಿವಿ ಹಿಡಿದು ಓಡಿಸಿದರು.

ವಾಕ್ಯ ಮಾತ್ರ ಕೇಳಬೇಡ. ಅದು ಅರ್ಧಕ್ಕೇ ನಿಂತಿದೆ.

ನಿನ್ನಲ್ಲಿ ಮುಚ್ಚಿಟ್ಟದ್ದು ಒಂದಿದೆ. ಹಲಗೆ ಇದ್ದಷ್ಟು ದಿನ ಬುರ್ಗಿ ಮನೆಗೆ ಬರುತ್ತಿದ್ದಳು. ಬಂದು ಏನು ಮಾಡುತ್ತಿದ್ದಳು ಎಂದು ಹೇಳುವುದಿಲ್ಲ, ಅದು ಗಂಡ ಹೆಂಡಿರ ಮಾತು. ನಾನು ಬರೆದದ್ದನ್ನೆಲ್ಲ ತಿರುವಿಗೆ ಹೋಗಿ ಹಲಗೆಯ ಮುಂದೆ ಗಟ್ಟಿಯಾಗಿ ಓದುತ್ತಿದ್ದೆ. ಅವಳಿಗೆ ಹಿಡಿಸದ ಜಾಗದಲ್ಲಿ ನನಗೆ ಕೆಮ್ಮು ಬರುತ್ತಿತ್ತು, ಅಲ್ಲಿ ಹೊಡೆದು ಹಾಕುತ್ತಿದ್ದೆ. ನೀನು ನಿನ್ನ ಪತ್ರಿಕೆಯಲ್ಲಿ ನನ್ನ ಬರಹದ ಹೊಸತನ, ಹೊಸತನ ಎಂದು ಬರೆದೆಯಲ್ಲ, ಅದರಲ್ಲಿ ಅರ್ಧ ಅವಳು.

ಸೆಪ್ಟೆಂಬರಿನಿಂದ ಬಂದಿಲ್ಲ. ಬರಬಾರದು, ಸರಿಯೇ. ಮುಕ್ತಿ ಸಿಕ್ಕವರು ಕೊಟ್ಟಿಗೆಗೆ ಬಂದು ಇಣುಕುತ್ತಾರೆಯೇ? ಸಂತೋಷ ಪಡಬೇಕು. ಪಡುತ್ತಿದ್ದೇನೆ. ಆದರೆ ಮನೆಯೊಳಗೆ ಒಂದು ಥರ ಗಡಿಯಾರ ನಿಂತ ಹಾಗೆ ಇದೆ, ಗಡಿಯಾರವೇನೋ ಓಡುತ್ತಿದೆ.

ಅವಳು ಸುಮ್ಮನೆ ಹೋಗಿಬಿಡುವ ಹೆಂಗಸಲ್ಲ. ಹೊಸಿಲು ದಾಟುವಾಗ ಒಂದು ಬೈಗುಳವನ್ನಾದರೂ ಹೇಳಿ ಹೋಗಬೇಕಿತ್ತು. ಅದೊಂದು ನನಗೆ ಅರ್ಥವಾಗುವುದಿಲ್ಲ.

ನಿನ್ನ
ಕೊರ್ಬಿನಿಯನ್


ವಿಯೆನ್ನಾ
8 ಮಾರ್ಚ್ 1927
(ಅಂಚೆಗೆ ಹಾಕಲಿಲ್ಲ)

ಥಾನರ್,

ಹಲಗೆ ಬೆವರುತ್ತಿದೆ. ಎಣ್ಣೆ ಇಷ್ಟು ದಿನವಾದರೂ ಒಣಗಿಲ್ಲ. ಪ್ರತಿದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ತಲೆಯಿಟ್ಟು ಮಲಗಿದವರ ಕತ್ತಿನ ಹಿಂಭಾಗ ತಾಗುವ ಜಾಗದಲ್ಲಿ, ಸಣ್ಣ ಸಣ್ಣ ಹನಿ ಮೂಡುತ್ತವೆ. ಒರೆಸಿದ ಬಟ್ಟೆಯಿಂದ ಹುಲ್ಲಿನ ವಾಸನೆ ಬರುತ್ತದೆ. ಮೂರನೇ ಮಹಡಿಯಲ್ಲಿ, ಟ್ರಾಮಿನ ಸದ್ದಿನ ನಡುವೆ, ಹುಲ್ಲು.

ನಾನು ಕಾಫಿ ಕಪ್ಪನ್ನು ತೊಳೆದು ತಟ್ಟೆಯ ಮೇಲೆ ಬೋರಲು ಹಾಕಿ ಹೊರಗೆ ಹೋಗುತ್ತೇನೆ. ಬಂದು ಎತ್ತಿದರೆ ಕೆಳಗೆ ಒಂದು ಒಣ ಬೀನ್ಸ್ ಕಾಳು. ದಿನಕ್ಕೆ ಒಂದು. ಅಕ್ಟೋಬರ್ ಹನ್ನೊಂದರಿಂದ ಶುರು. ಜಾಡಿಯಲ್ಲಿ ಹಾಕಿಡುತ್ತಿದ್ದೇನೆ, ಇಂದಿಗೆ ನೂರ ನಲವತ್ತೊಂಬತ್ತು. ನನ್ನ ಮನೆಯಲ್ಲಿ ಬೀನ್ಸ್ ಇಲ್ಲ, ನಾನು ಹೋಟೆಲಿನಲ್ಲಿ ಉಣ್ಣುವವನು.

ಈ ಕಟ್ಟಡವನ್ನು ನೋಡಿಕೊಳ್ಳುವ ನವ್ರಾಟಿಲಮ್ಮ ನಿನ್ನೆ ಮೆಟ್ಟಿಲಲ್ಲಿ ಅಡ್ಡ ನಿಂತಳು.

"ಡಾಕ್ಟರೇ, ಮನೇಲಿ ಹೆಂಗಸನ್ನ ಇಟ್ಕೊಂಡಿದೀರಿ, ನಂಗೇನೂ ಬೇಜಾರಿಲ್ಲ. ಗಂಡಸು ಎಷ್ಟು ದಿನ ಒಂಟಿಯಾಗಿರ್ತಾನೆ. ಆದ್ರೆ ವಾಸದ ಚೀಟಿ ತುಂಬಿ ಠಾಣೆಗೆ ಕೊಡ್ಬೇಕು. ಕೊಡ್ದಿದ್ರೆ ಪೋಲೀಸ್ನೋರು ನನ್ನ ಹಿಡ್ಕೋತಾರೆ."

"ಯಾವ ಹೆಂಗಸು?"

"ಅದೇ, ನಾಲ್ಕು ಗಂಟೆಗೆ ಮೆಟ್ಟಿಲು ಗುಡಿಸೋಳು. ನಾನು ಗುಡಿಸಿದ್ದು ಸಾಲ್ದು ಅಂತ ಮತ್ತೆ ಗುಡಿಸ್ತಾಳೆ, ಸೊಕ್ಕು. ಹಳ್ಳಿಯೋಳು ಅಲ್ವಾ? ಮರದ ಚಪ್ಪಲಿ."

"ಹೆಸರು ಕೇಳಿದಿರಾ?"

"ಕೇಳ್ದೆ. ಕೆಲ್ಸ ಇದೆ ಅಂದ್ಳು."

ಚೀಟಿ ತಂದು ತುಂಬಿದೆ. ಹೆಸರು: ನೋಟ್‌ಬುರ್ಗಾ ಥಾನರ್. ಧರ್ಮ: ಕ್ಯಾಥೊಲಿಕ್. ಎಲ್ಲಿಂದ ಬಂದವರು: ಮೂಸ್‌ಲೇಹನ್. ಎಲ್ಲಿಗೆ ಹೋಗುವವರು ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಚೀಟಿ ನನ್ನ ಮೇಜಿನಲ್ಲೇ ಇದೆ.

ಹೆದರಿಕೆಯಾಗುತ್ತದೆಯೇ ಎಂದು ನೀನು ಕೇಳುತ್ತೀಯ. ಆಗುತ್ತದೆ. ಆದರೆ ಅದಲ್ಲ ವಿಷಯ. ಎರಡು ವರ್ಷ ಒಂದು ಸಾಲೂ ಬರೆಯಲಾಗದವನು ನಾನು. ಈಗ ನಾಲ್ಕು ಗಂಟೆಗೆ ಕೂತರೆ ಪಕ್ಕದ ಕೋಣೆಯಲ್ಲಿ ಲಂಗ ಸರಿಯುವ ಸದ್ದು, ಬೈಯುವ ಸದ್ದು, ಒಲೆ ಕೆದಕುವ ಸದ್ದು. ನಾನು ಕೇಳಿದ್ದನ್ನು ಬರೆಯುತ್ತೇನೆ. ಅಷ್ಟೇ. ಒಂದೇ ವಾರದಲ್ಲಿ ನಲವತ್ತು ಪುಟ.

ಹಲಗೆಯನ್ನು ಹಿಂದಕ್ಕೆ ಕಳಿಸಲು ನನಗೆ ಮನಸ್ಸಿಲ್ಲ.

ನಿನಗೆ ಒಂದು ಕಾರ್ಡು ಹಾಕಿದೆ: "ಕ್ಷೇಮ. ಬರೆಯುತ್ತಿದ್ದೇನೆ." ಅದರಲ್ಲಿ ಎರಡನೆಯದು ನಿಜ.


ಮೂಸ್‌ಲೇಹನ್
2 ನವೆಂಬರ್ 1927, ಸತ್ತವರ ಹಬ್ಬ

ಮಾನ್ಯ ಡಾಕ್ಟರ್ ಸ್ಲಾಮಾ ಅವರಿಗೆ,

ತಾವು ಕಳಿಸಿದ ಪತ್ರಿಕೆ ತಲುಪಿತು. ತಮ್ಮ ಕಥೆಯನ್ನು ಓದಿದೆ. ಬಹಳ ಚೆನ್ನಾಗಿದೆ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ನನಗಿಂತ ಚೆನ್ನಾಗಿದೆ.

ಕಪ್ಪಿನ ಕೆಳಗೆ ಕಾಳು ಸಿಗುವ ವಿಷಯ ಹತ್ತನೇ ಪುಟದಲ್ಲಿದೆ. ಅದನ್ನು ತಾವು ಎಲ್ಲಿ ಕೇಳಿದಿರಿ? ನಾನು ಯಾರಿಗೂ ಹೇಳಿಲ್ಲ. ಪಾದ್ರಿಗೂ ಹೇಳಿಲ್ಲ. ಇಡೀ ಊರಿಗೆ ನಾನು ಹುಲಿ. ಮನೆಯಲ್ಲಿ ನನ್ನ ಹೆಂಡತಿ ಕಾಳು ಇಟ್ಟು ನನ್ನನ್ನು ಕುಣಿಸುತ್ತಿದ್ದಳು ಎಂದು ಯಾವ ಬಾಯಲ್ಲಿ ಹೇಳಲಿ? ಗಂಡನಾದವನು ಹೇಳಬೇಕಾದ ಮಾತನ್ನು ಹೇಳದೆ ಕೂತ ದಿನಕ್ಕೆ ಒಂದು ಕಾಳು. ಒಮ್ಮೆ ಹಸು ಮಾರಿದ್ದನ್ನು ಮುಚ್ಚಿಟ್ಟು ಹತ್ತೊಂಬತ್ತು ಕಾಳಾದ ಮೇಲೆ ಅಳುತ್ತ ಒಪ್ಪಿಕೊಂಡೆ. ಆ ಹತ್ತೊಂಬತ್ತನ್ನೂ ಬೇಯಿಸಿ ನನಗೇ ಬಡಿಸಿದಳು.

ತಮ್ಮ ಮನೆಯಲ್ಲಿ ಕಾಳು ಯಾವಾಗ ಶುರುವಾಯಿತು ಎಂದು ಕಥೆಯಲ್ಲಿ ಬರೆದಿಲ್ಲ. ನಾನು ಹೇಳುತ್ತೇನೆ. "ಬಹಳ ಸಂತೋಷವಾಯಿತು" ಎಂದು ನನಗೆ ಕಾಗದ ಹಾಕಿದ ದಿನ.

ಇವತ್ತು ಊರಿನವರೆಲ್ಲ ತಿರುವಿನಲ್ಲಿ ತಮ್ಮ ತಮ್ಮವರ ಹಲಗೆಗೆ ದೀಪ ಇಟ್ಟರು. ನನಗೆ ಇಡುವ ಜಾಗವಿಲ್ಲದ್ದಕ್ಕೆ ಹೆಮ್ಮೆಯಿಂದ ನಿಂತಿದ್ದೆ. ಅಷ್ಟರಲ್ಲಿ ಅಂಚೆಯವನು ತಮ್ಮ ಪತ್ರಿಕೆ ಕೊಟ್ಟ. ದೀಪದ ಬೆಳಕಿನಲ್ಲೇ ಓದಿದೆ.

ಹಾಗಾದರೆ ಹಲಗೆ ಹಳ್ಳಕ್ಕೆ ಹೋಗಿಲ್ಲ, ತಮ್ಮ ಮನೆಯಲ್ಲಿದೆ. ಅವಳು ಅಲ್ಲಿ ಕಾಯುತ್ತಿದ್ದಾಳೆ. ಹಲಗೆಯನ್ನು ಮಳೆಗೆ ಇಡಿ. ಬೇರೆ ಏನೂ ಕೇಳುವುದಿಲ್ಲ.

ಕೊರ್ಬಿನಿಯನ್ ಥಾನರ್


ವಿಯೆನ್ನಾ
7 ನವೆಂಬರ್ 1927

ಪ್ರಿಯ ಕೊರ್ಬಿನಿಯನ್,

ನೀನು ಹೇಳಿದ್ದೆಲ್ಲ ನಿಜ. ಕದ್ದದ್ದು ನಾನೇ, ಎಣ್ಣೆ ಹಾಕಿಸಿದ್ದೂ ನಾನೇ. ಗೊತ್ತಿಲ್ಲದೆ ಮಾಡಿದೆ. ಗೊತ್ತಾದ ಮೇಲೆ ಒಂದು ವರ್ಷ ಮುಚ್ಚಿಟ್ಟೆ, ಅದಕ್ಕೆ ನನ್ನಲ್ಲಿ ನೆಪವಿಲ್ಲ. ಇದನ್ನು ಬರೆಯಲು ಕುಳಿತ ದಿನದಿಂದ ಕಪ್ಪಿನ ಕೆಳಗೆ ಏನೂ ಇಲ್ಲ.

ಮಳೆಗೆ ಇಟ್ಟೆ. ಅಂಗಳದಲ್ಲಿ ಎರಡು ದಿನ. ನೀರು ಬಾತುಕೋಳಿಯ ಬೆನ್ನಿನ ಮೇಲೆ ಬಿದ್ದ ಹಾಗೆ ಉರುಳಿ ಹೋಗುತ್ತದೆ. ಒಳಕ್ಕೆ ಒಂದು ಹನಿಯೂ ಇಳಿಯುವುದಿಲ್ಲ.

ಖಂಡಿತ ತಂದು ಕೊಡುತ್ತೇನೆ. ಆದರೆ ಪುಸ್ತಕ ಮುಗಿಯಲು ಇನ್ನು ಸ್ವಲ್ಪವೇ ಇದೆ. ಮೂರು ತಿಂಗಳು ಕೊಡು. ಎಣ್ಣೆ ಉಣಿಸಿದವನು ಹಲಗೆಗೆ ನೂರು ವರ್ಷ ಏನೂ ಆಗದು ಎಂದಿದ್ದಾನೆ, ಹಾಗಿರುವಾಗ ಮೂರು ತಿಂಗಳು ಬುರ್ಗಿಯವರಿಗೆ ಯಾವ ಲೆಕ್ಕ? ಇದು ನೀಚ ಮಾತು ಎಂದು ನನಗೆ ಗೊತ್ತು. ನನಗೆ ಬರೆಯಲು ಬೇರೆ ದಾರಿಯಿಲ್ಲ ಎಂಬುದೂ ಗೊತ್ತು. ನೀನೂ ಬರೆಯುವವನು, ನಿನಗೆ ಅರ್ಥವಾಗಬೇಕು.

ಎರ್ವಿನ್


ಮೂಸ್‌ಲೇಹನ್
2 ಫೆಬ್ರವರಿ 1928

ಎರ್ವಿನ್,

ಮೂರು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ಮೊದಲ ತಿಂಗಳು ಸಿಟ್ಟಿತ್ತು. ಎರಡನೆಯ ತಿಂಗಳು ನಿನ್ನನ್ನು ಬೈಯಲು ಒಂದು ವಾಕ್ಯ ಕಟ್ಟಿದೆ, ಇಪ್ಪತ್ತೆರಡು ಪುಟ, ನನ್ನ ಜೀವಮಾನದಲ್ಲೇ ಶ್ರೇಷ್ಠ. ಓದಿ ಕೇಳಿಸಲು ತಿರುವಿಗೆ ಹೋದೆ, ಅಲ್ಲಿ ಗುಂಡಿ ಮಾತ್ರ ಇತ್ತು. ಹರಿದು ಹಾಕಿದೆ. ಮೂರನೆಯ ತಿಂಗಳು ಎದೆ ಊದಿತು. ಹೆಮ್ಮೆಯಿಂದಲ್ಲ, ನೀರು ತುಂಬಿಕೊಂಡು. ಕಣಿವೆಯ ವೈದ್ಯ ಬಂದು ಕಿವಿಯಿಟ್ಟು ಕೇಳಿದ.

"ಥಾನರ್, ಒಳಗೆ ಏನ್ರೀ ಇದು, ಗಿರಣಿ ಇದ್ದಂಗಿದೆ?"

"ಎಷ್ಟು ದಿನ ಬೀಸುತ್ತೆ ಹೇಳಿ ಸಾಕು."

"ಹಿಮ ಕರಗೋವರೆಗೆ ಅಂತ ಹೇಳೋ ಧೈರ್ಯ ಇಲ್ಲ."

ನನಗೆ ಅರ್ಥವಾಗಬೇಕು ಎಂದು ಬರೆದಿದ್ದೀಯ. ಆಯಿತು. ಅದೇ ನನ್ನ ಕಷ್ಟ. ಅವಳು ನನ್ನ ಮನೆಗೆ ಬರುತ್ತಿದ್ದಾಗ ನಾನೂ ಹಲಗೆ ಬೇಗ ಬೀಳಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ, ಮನಸ್ಸಿನಲ್ಲಿ ಇನ್ನೊಂದು ಚಳಿಗಾಲ ನಿಲ್ಲಲಿ ಎಂದುಕೊಳ್ಳುತ್ತಿದ್ದೆ. ನೀನು ಕಂಬಳಿ ಸುತ್ತಿ ಕದ್ದೆ. ನಾನು ಕದಿಯದೇ ಕದ್ದವನು. ಆದ್ದರಿಂದ ನಿನಗೆ ಮತ್ತೆ "ನೀನು" ಎನ್ನುತ್ತಿದ್ದೇನೆ, ಕ್ಷಮೆ ಎಂದು ತಿಳಿಯಬೇಡ.

ರೂಪರ್ಟನಿಗೆ ಹೇಳಿದ್ದೇನೆ. ನನ್ನನ್ನು ಹೂತ ಮೇಲೆ ನನ್ನ ಹಲಗೆಯನ್ನು ಇಲ್ಲಿ ನೆಡುವುದು ಬೇಡ, ರೈಲಿನಲ್ಲಿ ನಿನಗೆ ಕಳಿಸಬೇಕು. ಅವಳು ಎಲ್ಲಿದ್ದಾಳೋ ಅಲ್ಲಿಗೆ. ವಿಯೆನ್ನಾಕ್ಕೆ ಒಂದು ಸಲವೂ ಬಂದವನಲ್ಲ ನಾನು, ಹೀಗಾದರೂ ಬರುತ್ತೇನೆ. ಅವಳ ಹಲಗೆಯ ಪಕ್ಕದಲ್ಲೇ ಒರಗಿಸು, ಎಡಕ್ಕೆ. ಬಲಕ್ಕೆ ಇಟ್ಟರೆ ಗೊರಕೆ ಜಾಸ್ತಿ ಎನ್ನುತ್ತಾಳೆ.

ನಿನ್ನ ಮನೆ ಸಣ್ಣದು ಎಂದು ಕೇಳಿದ್ದೇನೆ. ಹೊಂದಿಕೊಳ್ಳೋಣ.

ಕೊರ್ಬಿನಿಯನ್


ವಿಯೆನ್ನಾ
6 ಫೆಬ್ರವರಿ 1928, ತಂತಿ

ಹಲಗೆ ತರುತ್ತಿದ್ದೇನೆ. ಪುಸ್ತಕ ನಿಲ್ಲಿಸಿದೆ. ಕಾದಿರು. ಸ್ಲಾಮಾ.

(ಮೂಸ್‌ಲೇಹನ್ ಅಂಚೆಯವರ ಬರಹ: ವಿಳಾಸದಾರರು 5ನೇ ತಾರೀಖು ಮಧ್ಯಾಹ್ನ ತೀರಿಕೊಂಡಿದ್ದಾರೆ. ಹಿಂದಿರುಗಿಸಿದೆ.)


ಮೂಸ್‌ಲೇಹನ್
24 ಮೇ 1928
(ಅಂಚೆಗೆ ಹಾಕುವುದಿಲ್ಲ, ತಿರುವಿನಲ್ಲಿ ನಿಂತು ಓದುತ್ತೇನೆ)

ಕೊರ್ಬಿನಿಯನ್,

ತಂತಿ ಹಿಂದಿರುಗಿದ ಮೇಲೆ ಹೊರಡದೆ ನಿನ್ನ ಹಲಗೆಗೆ ಕಾದೆ. ನೀನು ಫೆಬ್ರವರಿ ಹತ್ತೊಂಬತ್ತಕ್ಕೆ ವಿಯೆನ್ನಾ ತಲುಪಿದೆ. ಹೊತ್ತು ತಂದ ಕೂಲಿಯವನು "ಖಾಲಿ ಹಲಗೆಗೆ ಇಷ್ಟು ಭಾರ ಎಲ್ಲಿಂದ ಬಂತು ಸ್ವಾಮಿ" ಎಂದು ಮೂರು ಮಹಡಿಯುದ್ದಕ್ಕೂ ಗೊಣಗಿದ. ನಿನ್ನನ್ನು ಎಡಕ್ಕೇ ಒರಗಿಸಿದೆ.

ಮರುದಿನ ನಾಲ್ಕು ಗಂಟೆಗೆ ಪಕ್ಕದ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ. ಹದಿನೇಳು ತಿಂಗಳು ಅವಳು ಆ ಬಾಗಿಲು ಮುಚ್ಚಿರಲಿಲ್ಲ. ಆಮೇಲೆ ನಿನ್ನ ದನಿ. ಪದ ಸ್ಪಷ್ಟವಿಲ್ಲ, ಹರಿವು ಮಾತ್ರ ಗೊತ್ತಾಗುತ್ತಿತ್ತು. ಏರುತ್ತದೆ, ಇಳಿಯುತ್ತದೆ, ನಿಲ್ಲುವ ಹಾಗೆ ಮಾಡಿ ನಿಲ್ಲುವುದಿಲ್ಲ. ಹದಿನಾಲ್ಕು ಪುಟವಿದ್ದದ್ದು ಎಷ್ಟು ಪುಟಕ್ಕೆ ಬೆಳೆದಿದೆಯೋ. ನಡುವೆ ಒಮ್ಮೆ ಕೆಮ್ಮಿದೆ. ಅವಳು ನಕ್ಕಳು. ಅವಳು ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ನನ್ನ ಕಥೆಯಲ್ಲಿ ಅವಳು ಎಲ್ಲಿಯೂ ನಗುವುದಿಲ್ಲ.

ನಾನು ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ. ಪೆನ್ಸಿಲು ತಂದೆ. ಬಾಗಿಲಿಗೆ ಕಿವಿಯಿಟ್ಟು ನೆಲದ ಮೇಲೆ ಕೂತೆ. ಮೆಲ್ಲಗೆ ಪದಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಇನ್ನು ಅರ್ಧ ಗಂಟೆ ಕೂತಿದ್ದರೆ ನಮ್ಮ ಕಾಲದ ಅತಿ ದೊಡ್ಡ ವಾಕ್ಯ ನನ್ನ ಕೈಯಲ್ಲಿ ಇರುತ್ತಿತ್ತು. ಮೂರು ಪದ ಬರೆದೆ. ನಂತರ ಎದ್ದು ಕೆಳಗೆ ಇಳಿದು ಹೋದೆ. ಆ ಕಾಗದವನ್ನು ನವ್ರಾಟಿಲಮ್ಮನ ಒಲೆಗೆ ಹಾಕಿದೆ.

"ಹೆಂಗಸಿನ ಗಂಡ ಬಂದ್ನಾ?" ಎಂದು ಕೇಳಿದಳು.

"ಬಂದ."

"ಮತ್ತೆ ನೀವ್ಯಾಕೆ ಅಲ್ಲಿದೀರಿ?"

ಕಬ್ಬಿಣ ಬೇಡ, ಬೆಂಕಿ ಬೇಡ ಎಂದಿದ್ದೆಯಲ್ಲ, ದಾರಿ ತೋರಿಸಿದವಳು ನವ್ರಾಟಿಲಮ್ಮನೇ. ಎಣ್ಣೆ ಬಟ್ಟೆಗಾದರೂ ಒಂದೇ, ಹಲಗೆಗಾದರೂ ಒಂದೇ, ಬೂದಿ ನೀರಲ್ಲಿ ಬಿಡುತ್ತದೆ ಎಂದಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಎಂಟು ವಾರ, ದಿನಾ, ಬುರ್ಗಿಯವರ ಹಲಗೆಯನ್ನು ಬಿಸಿ ಬೂದಿ ನೀರಿನಲ್ಲಿ ತೊಳೆದೆ. ಕೈ ಚರ್ಮ ಸುಲಿದು ಹೋಯಿತು. ಮೊದಲು ಎಣ್ಣೆ ಬಿಟ್ಟಿತು, ಆಮೇಲೆ ಬಣ್ಣ, ಆಮೇಲೆ ನಿನ್ನ ನಾಲ್ಕು ಸಾಲು. ಕೊನೆಗೆ ಉಳಿದದ್ದು "ಮುಂದೆ ಹೋಗು" ಎಂಬ ಎರಡು ಪದ. ಕೈ ನಿಂತಿತು. ಸ್ವಲ್ಪ ಹೊತ್ತು ನೋಡಿ ಅವನ್ನೂ ತೊಳೆದೆ. ಒಂದೊಂದು ತೊಳೆತಕ್ಕೂ ಮೇಲಿನ ಕೋಣೆಯ ಮಾತು ದೂರ ದೂರವಾಗುತ್ತಿತ್ತು. ಏಪ್ರಿಲ್ ಕೊನೆಗೆ ಟ್ರಾಮಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ನಾನೂ ಒಂದು ಸಾಲು ಬರೆದಿಲ್ಲ. ಈ ಪತ್ರವನ್ನು ಬರಹವೆಂದು ಎಣಿಸುವುದಿಲ್ಲ.

ಇವತ್ತು ಬೆಳಿಗ್ಗೆ ರೂಪರ್ಟನೂ ನಾನೂ ಸೇರಿ ಎರಡು ಹಲಗೆಯನ್ನೂ ಗಿರಣಿಯ ತಿರುವಿನಲ್ಲಿ ನೆಟ್ಟೆವು. ನಿನ್ನದು ಹಸಿ ಮರ, ಬೆಳ್ಳಗೆ. ಅವಳದು ಬೂದು, ನಾರು ನಾರಾಗಿದೆ. ಊರಿನವರು ನನ್ನನ್ನು ಮಾತನಾಡಿಸಲಿಲ್ಲ. ಅವರದ್ದು ನ್ಯಾಯವೇ. ರೂಪರ್ಟ್ ಬಣ್ಣದ ಡಬ್ಬಿ ಹಿಡಿದು ನಿಂತ.

"ಮಾಮಂದಕ್ಕೆ ಏನ್ ಬರೀಲಿ ಡಾಕ್ಟರೇ? ನೀವು ಬರಿಯೋ ಜನ."

"ಹೆಸರು ಮಾತ್ರ."

"ಅಷ್ಟೇನಾ? ಅವ್ರು ಬದುಕಿದ್ದಾಗ ಅವ್ರ ಮಾತಿಗೆ ಒಂದು ಹಲಗೆ ಸಾಲ್ತಿರ್ಲಿಲ್ಲ."

ಹೆಸರು ಬರೆದು ಮುಗಿಸುವಷ್ಟರಲ್ಲಿ ಗುಡ್ಡದ ಆಚೆಯಿಂದ ಮೋಡ ಇಳಿಯಿತು. ನಾನು ಅವಳ ಹಲಗೆಯನ್ನೇ ನೋಡುತ್ತ ನಿಂತಿದ್ದೆ. ಮೊದಲ ಹನಿ ಬಿತ್ತು, ಉರುಳಲಿಲ್ಲ. ಅಲ್ಲೇ ಕಪ್ಪಗೆ ಹರಡಿ ಒಳಕ್ಕೆ ಇಳಿಯಿತು. ರೂಪರ್ಟನಿಗೂ ಕಂಡಿತು. ಬೆಳಿಗ್ಗೆಯಿಂದ ಅವನು ನನ್ನ ಮುಖ ನೋಡಿರಲಿಲ್ಲ, ಆಗ ನೋಡಿದ.

"ನೂರು ವರ್ಷ ಅಂದಿದ್ರಂತಲ್ಲ ಆ ಪಟ್ಟಣದೋರು," ಅಂದ. "ನಮ್ಮ ಮಳೆ ಅವ್ರು ಕಂಡಿಲ್ಲ ಬಿಡಿ."

ಎರ್ವಿನ್